ಐದು ಐತವಾರದ ಹರಕೆ

ನಮ್ಮ ಮನೆಯ ಹೊಸ್ತಿಲು ದಾಟಿ ಹೊರಟವರನ್ನು ‘ಎಲ್ಲಿಗೆ’ ಎಂದು ಯಾರೂ ಕೇಳುವಂತಿರಲಿಲ್ಲ. ಹಾಗೆ ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಗಟ್ಟಿಯಾಗಿ ನಂಬಿದ್ದಳು. ‘ಎಷ್ಟು ದೂರ?’ ಎಂದು ಕೇಳಬೇಕು. ಹೊರಟವರು ಗಿರಣಿತನಕ, ಕಿರಾಣಿ ಅಂಗಡಿತನಕ, ಶರಣರ ಗುಡಿತನಕ ಎಂದು ಒಂದು ಜಾಗದ ಹೆಸರು ಹೇಳಿ ಮುಂದೆ ಹೋಗಬೇಕು. ಆಯಿ ದಿನವಿಡೀ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಬಾಗಿಲಿಗೆ ಮುಖ ಮಾಡಿ ಕುಳಿತಿರುತ್ತಿದ್ದಳಾದ್ದರಿಂದ ಅವಳ ಕಣ್ಣು ತಪ್ಪಿಸಿ ಒಂದು ಬೆಕ್ಕು ಕೂಡ ಹೊರಗೆ ಹೋಗುತ್ತಿರಲಿಲ್ಲ. ಕೇಳುವ ರೀತಿ ಎಷ್ಟು ನಯವಾಗಿದ್ದರೂ ಉತ್ತರ ಕೊಡದೆ ದಾಟುವ ಹಾಗಿರಲಿಲ್ಲ, ಮತ್ತು ಆ ಉತ್ತರ ಯಾವತ್ತೂ ‘ಸುಮ್ಮನೆ’ ಎಂದು ಇರಕೂಡದು. ಗಂಡಸರೇನೋ ಸುಮ್ಮನೆ ತಿರುಗಿ ಬರುತ್ತಿದ್ದರು, ಆದರೆ ಅವರ ತಿರುಗಾಟಕ್ಕೆ ‘ಸ್ವಲ್ಪ ಕೆಲಸ ಅದ’ ಎಂಬ ಗೌರವದ ಹೆಸರಿತ್ತು. ಹೆಂಗಸು ಸುಮ್ಮನೆ ನಡೆದಳೆಂದರೆ ಮನೆಯಲ್ಲಿ ಜಗಳವಾಗಿರಬೇಕು, ಇಲ್ಲವೇ ಅವಳ ತಲೆ ಕೆಟ್ಟಿರಬೇಕು. ಬೇರೆ ಕಾರಣ ಯಾರಿಗೂ ಹೊಳೆಯುತ್ತಿರಲಿಲ್ಲ.

ಕಲಬುರಗಿಯ ಹಳೆಯ ಗಲ್ಲಿಯೊಂದರಲ್ಲಿ, ಗೋಡೆಗೆ ಗೋಡೆ ಹತ್ತಿಕೊಂಡ ಮನೆಗಳ ನಡುವೆ ನಮ್ಮ ಮನೆ ಇತ್ತು. ನೆಲಕ್ಕೆ ಶಹಾಬಾದಿನ ಫರಸಿಕಲ್ಲು. ಬೇಸಿಗೆಯಲ್ಲಿ ಅದರ ಮೇಲೆ ನೀರು ಚಿಮುಕಿಸಿ ಬೆನ್ನು ಹಚ್ಚಿ ಮಲಗಿದರೆ ಸ್ವರ್ಗ ಇಲ್ಲೇ ಇದೆ ಅನ್ನಿಸುತ್ತಿತ್ತು. ಪಡಸಾಲೆಯ ಒಂದು ಬದಿಗೆ ಜೋಳದ ಚೀಲಗಳು, ಇನ್ನೊಂದು ಬದಿಗೆ ಅಪ್ಪನ ಸೈಕಲ್ಲು. ಸೈಕಲ್ಲನ್ನು ಹೊರಗೆ ಬಿಡುವ ಮಾತೇ ಇರಲಿಲ್ಲ. ಮನೆಯ ಮಂದಿಯ ಹಾಗೆ ಅದಕ್ಕೂ ತನ್ನ ಜಾಗವಿತ್ತು, ದಸರೆಗೆ ಅದಕ್ಕೂ ವಿಭೂತಿ ಬೀಳುತ್ತಿತ್ತು. ಅಪ್ಪ ಸರ್ಕಾರಿ ಕಚೇರಿಯ ನೌಕರ, ಮೆತ್ತಗಿನ ಮನುಷ್ಯ. ತನ್ನ ತಾಯಿಯ ಮುಂದೆ ಇನ್ನೂ ಮೆತ್ತಗಾಗುತ್ತಿದ್ದ. ಶನಿವಾರ ಸಂಜೆ ಸೈಕಲ್ಲು ಒರೆಸಿ ಸರಪಳಿಗೆ ಎಣ್ಣೆ ಬಿಟ್ಟು, ಐತವಾರ ಮುಂಜಾನೆ ನನ್ನನ್ನು ಮುಂದಿನ ಬಾರಿನ ಮೇಲೆ ಕೂಡಿಸಿಕೊಂಡು ಊರ ಹೊರಗಿನ ಬಂಡಿದಾರಿಗಳಲ್ಲಿ ತಿರುಗಿಸಿಕೊಂಡು ಬರುತ್ತಿದ್ದ. ಅವ್ವ ಬಾಗಿಲತನಕ ಬಂದು, ನಾವು ಗಲ್ಲಿಯ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿರುತ್ತಿದ್ದಳು. ಅವ್ವ ಕಮಲಾಪುರದ ಕಡೆಯ ಹಳ್ಳಿಯವಳು, ಹೊಲದ ಬದುಗಳ ಮೇಲೆ ಓಡಾಡಿ ಬೆಳೆದವಳು. ಈ ಮನೆಗೆ ಬಂದ ಮೇಲೆ ಅವಳ ನಡಿಗೆಯೆಲ್ಲ ನಲ್ಲಿಯಿಂದ ಒಲೆಗೆ, ಒಲೆಯಿಂದ ಬಚ್ಚಲಿಗೆ ಆಗಿಹೋಗಿತ್ತು. ಅವಳ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಹೊಗೆ ಹೋಗಲು ಮಾಳಿಗೆಯಲ್ಲಿ ಒಂದು ಗವಾಕ್ಷಿ ಇತ್ತು, ಅದಕ್ಕೂ ಮಳೆ ಬರುತ್ತದೆಂದು ಒಂದು ಹಂಚು ಮುಚ್ಚಿದ್ದರು.

ಒಂದು ಐತವಾರ ನಾವು ತಿರುಗಿ ಬಂದು ಊಟಕ್ಕೆ ಕುಳಿತಿದ್ದೆವು. ಪುಂಡಿಪಲ್ಯ, ಬಿಸಿ ರೊಟ್ಟಿ, ಶೇಂಗಾ ಹಿಂಡಿ. ಅಪ್ಪ ಅಂದು ನೋಡಿದ್ದನ್ನು ಬಾಯಿತುಂಬ ಹೇಳುತ್ತಿದ್ದ: ಎರೆ ಹೊಲದಲ್ಲಿ ಜೋಳ ಹೇಗೆ ತೂಗುತ್ತಿತ್ತು, ತೊಗರಿ ಹೂವಿನ ಮೇಲೆ ಎಷ್ಟು ಚಿಟ್ಟೆ ಕೂತಿದ್ದವು, ಹಳ್ಳದ ನೀರು ಎಷ್ಟು ತಿಳಿಯಾಗಿತ್ತು. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ನೀವು ಅಪ್ಪ ಮಗಳು ನೋಡಿ ಬಂದು ನನಗ ಕಥಿ ಹೇಳ್ತೀರಿ. ನನಗ ಆಕಾಶ ನೋಡಬೇಕಂದ್ರ ಬಚ್ಚಲಕ್ಕ ಹೋಗಬೇಕು.”

ನಮ್ಮ ಬಚ್ಚಲಿಗೆ ಮೇಲೆ ಸೂರು ಇರಲಿಲ್ಲ. ಅವ್ವ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅಪ್ಪನಿಗೆ ನಗು ಬಂತು, ಅವ್ವನ ಮುಖ ನೋಡಿ ಅದು ಅಲ್ಲೇ ನಿಂತಿತು. ಮುರಿದ ರೊಟ್ಟಿಯ ತುಂಡನ್ನು ಅವನು ತಿರುಗಿ ತಾಟಿಗೆ ಹಾಕಿದ. ಮುಂದಿನ ಐತವಾರ ಅಪ್ಪ ಸೈಕಲ್ಲು ಹೊರತೆಗೆದಾಗ ಅವ್ವ ಒಗೆದ ಸೀರೆ ಉಟ್ಟು, ತಲೆ ಬಾಚಿ, ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ಅವನ ಹಿಂದೆ ನಿಂತಿದ್ದಳು. ಕಂಬದ ಬುಡದಿಂದ ಪ್ರಶ್ನೆ ಬಂತು.

“ಎಷ್ಟ ದೂರ?”

ಅಪ್ಪ ಸೈಕಲ್ಲಿನ ಗಂಟೆ ಮುಟ್ಟಿದ, ಸೀಟು ಒರೆಸಿದ, ಕೆಮ್ಮಿದ.

“ಏನಿಲ್ಲವ್ವ, ಹಿಂಗ... ಸುಮ್ಮ...”

ಅವ್ವ ಅವನ ಮಾತು ಮುಗಿಯಲು ಬಿಡಲಿಲ್ಲ.

“ಹರಕಿ ಅದ್ರಿ ಅತ್ತಿ. ಐದು ಐತವಾರ ನಡೀತೀನಂತ ಬೇಡ್ಕೊಂಡೀನಿ.”

“ಯಾವ ದೇವರಿಗಿ?”

“ಹರಕಿ ಮುಗಿಯೂತನಕ ಬಾಯಿ ಬಿಟ್ಟು ಹೇಳಬಾರದಂತ ನೀವೇ ಹೇಳ್ತೀರಲ್ರಿ.”

ಇದು ಆಯಿಯದೇ ಕಾನೂನು. ಹರಕೆ ಹೊತ್ತವರು ಯಾವ ದೇವರಿಗೆ, ಯಾತಕ್ಕೆ ಎಂದು ಬಾಯಿಬಿಟ್ಟರೆ ಅದು ಫಲ ಕೊಡುವುದಿಲ್ಲ ಎಂದು ಗಲ್ಲಿಯ ಎಲ್ಲ ಸೊಸೆಯರಿಗೂ ಅವಳು ಉಪದೇಶ ಮಾಡಿದ್ದಳು. ಈಗ ತನ್ನ ಮನೆಯಲ್ಲೇ ಅದು ತನ್ನ ಮೇಲೆ ತಿರುಗಿದ್ದನ್ನು ನೋಡಿ ಅವಳ ಬಾಯಿ ಅರ್ಧ ತೆರೆದೇ ಉಳಿಯಿತು. ಆದರೂ ಸುಲಭಕ್ಕೆ ಬಿಡುವವಳಲ್ಲ. ಅಂಗಳದ ಗೋಡೆಯ ಆಚೆಯ ಮನೆಯ ಖಾಲಾಳನ್ನು ಕೂಗಿ ಕರೆದಳು. ಖಾಲಾ ಪ್ರತಿ ಬೇಸ್ತವಾರ ದರ್ಗಾಕ್ಕೆ ಹೋಗುವ ಮುದುಕಿ, ಹರಕೆಗಳ ವಿಷಯದಲ್ಲಿ ಆಯಿಗೆ ಅವಳ ಮಾತೆಂದರೆ ಮಾತು. ಎಲ್ಲ ಕೇಳಿದ ಖಾಲಾ ಗೋಡೆಯ ಮೇಲೆ ತಲೆ ತೂರಿಸಿ ಕೈ ಆಡಿಸಿದಳು.

“ಮನ್ನತ್ ಪೂಛ್‌ನಾ ನಕ್ಕೋ ಆಯಿ. ಹರಕಿ ಕೇಳಿದ್ರ ಕೆಡ್ತದ್ರಿ.”

ಎರಡೂ ಕಡೆಯಿಂದ ತೀರ್ಪು ಬಂದ ಮೇಲೆ ಆಯಿ ತಾನೇ ಹರಕೆಯ ಉಸ್ತುವಾರಿ ವಹಿಸಿಕೊಂಡಳು. ಹರಕೆಯೆಂದ ಮೇಲೆ ಬರಿಗಾಲಲ್ಲಿ ನಡೆಯಬೇಕು. ತಿರುಗಿ ಬರುವವರೆಗೆ ಅನ್ನ ಮುಟ್ಟಬಾರದು. ತಾನೇ ಎದ್ದು ಬಂದು ಅವ್ವನ ಹಣೆಗೆ ಅಡ್ಡಡ್ಡ ವಿಭೂತಿ ಬಳಿದಳು, ನನಗೂ ಬಳಿದಳು, ಉಳಿದದ್ದನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ಒರೆಸಿದಳು. ಗಲ್ಲಿಯ ತಿರುವು ದಾಟುವವರೆಗೆ ನಾವು ಮೂವರೂ ಮುಖ ಗಂಟು ಹಾಕಿಕೊಂಡೇ ನಡೆದೆವು. ತಿರುವು ದಾಟಿದ ಮೇಲೆ ಅಪ್ಪ ಆಯಿಯ ಕಣ್ಣು ತಪ್ಪಿಸಿ ಪೇಪರಿನಲ್ಲಿ ಸುತ್ತಿ ತಂದಿದ್ದ ಅವ್ವನ ಚಪ್ಪಲಿಯನ್ನು ಸೈಕಲ್ಲಿನ ಚೀಲದಿಂದ ತೆಗೆದು ನೆಲಕ್ಕಿಟ್ಟ. ಅವ್ವ ನಕ್ಕಳೋ ನಕ್ಕಳು. ಅವಳು ಹಾಗೆ ಹೊಟ್ಟೆ ಹಿಡಿದು ನಗುವುದನ್ನು ನಾನು ಮೊದಲು ನೋಡಿದ್ದು ಅವತ್ತು. ಉಪವಾಸದ ಗತಿಯೂ ಅಷ್ಟೇ, ಊರ ಹೊರಗಿನ ಜಾಲಿ ಮರದ ಕೆಳಗೆ ರೊಟ್ಟಿಯ ಗಂಟು ಬಿಚ್ಚಿದಾಗ ಮೊದಲ ರೊಟ್ಟಿ ಮುರಿದವಳು ಅವ್ವನೇ.

ಆದರೆ ಚಪ್ಪಲಿಯನ್ನು ಅವಳು ಬಹಳ ಹೊತ್ತು ಹಾಕಿಕೊಳ್ಳಲಿಲ್ಲ. ಡಾಂಬರು ಮುಗಿದು ಬಂಡಿದಾರಿ ಶುರುವಾಗುತ್ತಲೇ ಬಿಚ್ಚಿ ಅಪ್ಪನ ಕೈಗೆ ಕೊಟ್ಟಳು. ಎರೆಮಣ್ಣಿನ ಮೇಲೆ ಮೊದಲ ಹೆಜ್ಜೆ ಇಟ್ಟಾಗ ಅವಳು ಒಂದು ಕ್ಷಣ ನಿಂತು ಕಾಲ್ಬೆರಳುಗಳನ್ನು ಮಣ್ಣಿನಲ್ಲಿ ಒತ್ತಿದಳು. ಆಮೇಲೆ ನಡೆದಳು. ಆ ನಡಿಗೆಯನ್ನು ನಾನು ಹೇಗೆ ವರ್ಣಿಸಲಿ! ಗಲ್ಲಿಯಲ್ಲಿ ಸೆರಗು ಹಿಡಿದು, ಗೋಡೆಯ ಮಗ್ಗುಲಿಗೆ, ಸಣ್ಣ ಸಣ್ಣ ಹೆಜ್ಜೆ ಇಟ್ಟು ನಡೆಯುತ್ತಿದ್ದ ಹೆಂಗಸು ಅಲ್ಲಿ ಕೈ ಬೀಸಿ, ತಲೆ ಎತ್ತಿ, ದಾರಿಯೆಲ್ಲ ತನ್ನದೇ ಎಂಬಂತೆ ಹೊರಟಳು. ಸೈಕಲ್ಲು ತಳ್ಳುತ್ತಿದ್ದ ಅಪ್ಪ ಹಿಂದೆ ಬಿದ್ದ, ಬಾರಿನ ಮೇಲಿದ್ದ ನಾನೂ ಹಿಂದೆ ಬಿದ್ದೆ. ನಮ್ಮ ಅವ್ವ ಇಷ್ಟು ಎತ್ತರವಿದ್ದಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ಎರಡೂ ಕಡೆ ಎದೆಮಟ್ಟ ಜೋಳ, ಮೇಲೆ ಅಂಚಿಲ್ಲದ ಆಕಾಶ, ನಡುವೆ ವಿಭೂತಿಯ ಹಣೆಯ ನನ್ನ ಅವ್ವ. ಇವಳು ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವಳು ಹೌದೋ ಅಲ್ಲವೋ ಎಂದು ನನಗೆ ಭಯವೇ ಆಯಿತು.

ಮೊದಲೆರಡು ಐತವಾರ ಊರ ಸುತ್ತಲೇ ಮುಗಿದವು. ಮೂರನೆಯದಕ್ಕೆ ಅವ್ವ ತನ್ನ ತವರಿನ ಕಡೆಯ ನೆಲ ನೋಡಬೇಕೆಂದಳು. ಅಪ್ಪ ಸೈಕಲ್ಲನ್ನು ಕಮಲಾಪುರದ ಬಸ್ಸಿನ ಟಾಪಿಗೆ ಏರಿಸಿ ಕಟ್ಟಿಸಿದ. ಮಹಾಗಾಂವ ಕ್ರಾಸಿನಲ್ಲಿ ಇಳಿದು, ಅಲ್ಲಿಂದ ಡಾಂಬರು ಬಿಟ್ಟು, ಹೊಲಗಳ ನಡುವಿನ ಬಂಡಿದಾರಿ ಹಿಡಿದೆವು. ಬಹಳ ದೂರದವರೆಗೆ ನೆಲ ಕಪ್ಪಗೇ ಇತ್ತು, ಬಿರುಕು ಬಿಟ್ಟ ಎರೆ, ಕಾಲಿಗೆ ಹತ್ತಿದರೆ ಬಿಡದ ಎರೆ. ನನ್ನ ಮಟ್ಟಿಗೆ ಮಣ್ಣು ಎಂದರೆ ಕಪ್ಪು ಎಂದೇ ಲೆಕ್ಕ. ಹಾಗೆ ನಡೆಯುತ್ತ ನಡೆಯುತ್ತ ಒಂದು ಜಾಗದಲ್ಲಿ ಅವ್ವ ನನ್ನನ್ನು ಸೈಕಲ್ಲಿನಿಂದ ಇಳಿಸಿದಳು.

“ಪಾರೂ, ಕಾಲಾಗ ನೋಡು.”

ನೋಡಿದೆ. ನನ್ನ ಒಂದು ಕಾಲು ಕಪ್ಪು ಮಣ್ಣಿನ ಮೇಲಿತ್ತು, ಇನ್ನೊಂದು ಕೆಂಪು ಮಣ್ಣಿನ ಮೇಲೆ. ಎರೆ ಮುಗಿದು ಮಸಾರಿ ಶುರುವಾಗುವ ಜಾಗ ಅದು. ಯಾರೂ ಗೆರೆ ಎಳೆದಿರಲಿಲ್ಲ, ಬೇಲಿ ಇರಲಿಲ್ಲ, ಆದರೂ ಭೂಮಿ ಅಲ್ಲಿ ತನ್ನ ಬಣ್ಣ ಬದಲಿಸಿತ್ತು. ಮುಂದೆ ದಾರಿ ಕೆಂಪಗೆ ಒಂದು ದಿನ್ನೆ ಏರುತ್ತಿತ್ತು. ನಾನು ದಿನ್ನೆಯ ತಲೆಯ ಮೇಲೆ ಹೋಗಿ ನಿಂತೆ. ಸಪಾಟು ನೆಲ ಮಾತ್ರ ಕಂಡಿದ್ದ ನನ್ನ ಮುಂದೆ ಭೂಮಿ ಇಳಿದು, ಮತ್ತೆ ಎದ್ದು, ಮತ್ತೆ ಇಳಿದು, ಮಡಿಕೆ ಮಡಿಕೆಯಾಗಿ ಕಣ್ಣು ಸೋಲುವಷ್ಟು ದೂರ ಹೋಗಿತ್ತು. ತಗ್ಗಿನಲ್ಲಿ ಹಳ್ಳದ ದಂಡೆಗೆ ಬಾಳೆಯ ತೋಟಗಳು ಹಸಿರಾಗಿ ಮಲಗಿದ್ದವು. ಅದು ಯಾರದು, ಯಾತಕ್ಕೆ ಅಲ್ಲಿದೆ, ನಾವು ನೋಡದಿದ್ದಾಗಲೂ ಇರುತ್ತದೆಯೇ ಎಂದೆಲ್ಲ ನನಗೆ ಕೇಳಬೇಕೆನ್ನಿಸಿತು. ಈ ವಯಸ್ಸಿಗೆ ಎಷ್ಟೋ ಊರು, ಬೆಟ್ಟ, ಸಮುದ್ರ ನೋಡಿದ್ದೇನೆ. ಆದರೆ ನೋಡುವುದು ಕೂಡ ಮನುಷ್ಯರು ಮಾಡಬೇಕಾದ ಒಂದು ಕೆಲಸ ಎಂದು ನನಗೆ ತಿಳಿದದ್ದು ಆ ದಿನ್ನೆಯ ಮೇಲೆ. ಕಮಲಾಪುರ ತಲುಪಿ ಬಸ್ಸಿಗೆ ಕಾಯುತ್ತ ಒಬ್ಬೊಬ್ಬರು ಒಂದೊಂದು ಕೆಂಪು ಬಾಳೆಹಣ್ಣು ತಿಂದೆವು. ಆ ಮಣ್ಣಿನ ಬಣ್ಣವೇ ಸಿಪ್ಪೆಗೆ ಹತ್ತಿದೆ ಎಂದು ನಾನು ಬಹಳ ವರ್ಷ ನಂಬಿದ್ದೆ.

ನಾಲ್ಕನೇ ಐತವಾರ ಮತ್ತೆ ಅದೇ ದಾರಿಗೆ ಹೋದೆವು. ದಿನ್ನೆಯ ಈಚೆಯ ಇಳಿಜಾರು ನುಣುಪಾಗಿತ್ತು, ಸುತ್ತ ಯಾರೂ ಕಾಣಿಸುತ್ತಿರಲಿಲ್ಲ. ಅವ್ವ ಸೈಕಲ್ಲನ್ನು ನೋಡಿದಳು, ಅಪ್ಪನನ್ನು ನೋಡಿದಳು, ಸೀರೆಯನ್ನು ಹೊಲದ ಹೆಂಗಸರ ಹಾಗೆ ಕಚ್ಚೆ ಹಾಕಿ ಸಿಗಿಸಿದಳು. ಅಪ್ಪ ಹಿಂದಿನ ಕ್ಯಾರಿಯರ್ ಹಿಡಿದು ಓಡಿದ. ಅವಳು ಬಿದ್ದಳು, ಎದ್ದಳು, ಮತ್ತೆ ಬಿದ್ದಳು, ಮೊಣಕಾಲು ಕೆತ್ತಿಕೊಂಡಳು, ಅಪ್ಪನಿಗೆ ಬೈದಳು. ಬಿಸಿಲು ಏರುವ ಹೊತ್ತಿಗೆ ಅಪ್ಪ ಕೈ ಬಿಟ್ಟದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಕೆಂಪು ಧೂಳೆಬ್ಬಿಸುತ್ತ ಅವಳು ಒಬ್ಬಳೇ ಇಳಿಜಾರಿನ ಕೊನೆಯವರೆಗೆ ಹೋದಳು. ಅಪ್ಪ ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಡುತ್ತ, ಬಾಯಿ ತೆರೆದು ನೋಡುತ್ತಲೇ ನಿಂತ.

ಅಲ್ಲಿಂದ ನಾವು ಬೆವರು ಒರೆಸಿಕೊಳ್ಳುತ್ತ ನಡೆದು ಹೊರಟಾಗ ಜೋಳದ ಹೊಲದೊಳಗಿಂದ ಒಬ್ಬ ಹೆಂಗಸು ಓಡಿಬಂದಳು. ಕೈಯಲ್ಲಿ ಒಂದು ತೆಂಗಿನಕಾಯಿ. ಬಂದವಳೇ ಅವ್ವನ ಧೂಳುಗಾಲಿಗೆ ಬಿದ್ದಳು. ಅವ್ವ ಬೆದರಿ ಹಿಂದೆ ಸರಿದಳು.

“ಹೋದ ಐತವಾರನೂ ನೋಡ್ದೆ ತಾಯಿ ನಿಮಗ. ಬರಿಗಾಲಲೇ ಹೊಂಟಿದ್ರಿ. ಈ ಸಲ ಬರ್ತಾರಂತ ಕಾಯಿ ತಂದಿಟ್ಟು ಹಾದಿ ಕಾಯಾಕತ್ತೀನಿ. ನನ್ನ ಮಗಳ ಹೆಸರಲೆ ಶರಣರ ಗುಡಿಗಿ ಮುಟ್ಟಸ್ರಿ. ನಿಮ್ಮ ನಡಗಿ ಒಳಗ ಆಕಿ ಪಾಲಿಂದೂ ನಾಕ ಹೆಜ್ಜಿ ಹಾಕ್ರಿ.”

ನಮ್ಮ ಕಡೆ ಹರಕೆ ಹೊತ್ತು ನಡೆಯುವವರನ್ನು ಕಂಡರೆ ಹಾದಿಯ ಮಂದಿ ನೀರು ಕೊಡುತ್ತಾರೆ, ಕಾಲು ಮುಟ್ಟುತ್ತಾರೆ, ತಾವು ಹೋಗಲಾಗದ ಗುಡಿಗೆ ಅವರ ಕೈಯಲ್ಲಿ ಕಾಯಿ ಕಳಿಸುತ್ತಾರೆ. ಬರಿಗಾಲು, ವಿಭೂತಿ ಹಣೆ, ಏರಿ ಕುಳಿತುಕೊಳ್ಳದೆ ತಳ್ಳಿಕೊಂಡು ಹೊರಟ ಸೈಕಲ್ಲು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಆ ಹೆಂಗಸಿಗೆ ಬೇಕಿರಲಿಲ್ಲ. ಅವಳ ಹೆಸರು ಸಿದ್ದಮ್ಮ. ಅವಳು ಕೈ ತೋರಿಸಿದ ಕಡೆ, ಜೋಪಡಿಯ ಮುಂದೆ, ಹೊರಸಿನ ಮೇಲೆ ನನ್ನ ವಾರಿಗೆಯ ಹುಡುಗಿಯೊಬ್ಬಳು ಕುಳಿತಿದ್ದಳು. ಕೂಸಿದ್ದಾಗ ಬಂದ ಜ್ವರದಲ್ಲಿ ಅವಳ ಕಾಲುಗಳ ಶಕ್ತಿ ಹೋಗಿತ್ತು. ಕುಳಿತಲ್ಲಿಂದಲೇ ಕವಣೆ ಬೀಸಿ ‘ಹೋ ಹೋ’ ಎಂದು ಕೂಗಿ ಜೋಳಕ್ಕೆ ಬರುವ ಹಕ್ಕಿ ಓಡಿಸುವುದು ಅವಳ ಕೆಲಸ. ಅವ್ವನ ಮುಖದ ಬಣ್ಣ ಇಳಿಯಿತು. ಸಿದ್ದಮ್ಮನನ್ನು ಎಬ್ಬಿಸಿ ಎರಡೂ ಕೈ ಹಿಡಿದುಕೊಂಡಳು.

“ನಾವು ಹರಕಿ ಮಂದಿ ಅಲ್ಲವ್ವ. ದೇವರಾಣಿ ಅಲ್ಲ. ಸುಮ್ಮನ, ನೆಲ ನೋಡ್ಕೋತ ನಡ್ಯಾಕ ಬಂದೀವಿ.”

ಸಿದ್ದಮ್ಮ ಎಲ್ಲ ಬಲ್ಲವಳ ಹಾಗೆ ನಕ್ಕಳು.

“ಹರಕಿ ಬಾಯಿ ಬಿಟ್ಟು ಹೇಳಬಾರದು, ಗೊತ್ತದ ತಾಯಿ. ನಾ ಕೇಳೂದಿಲ್ಲ. ನೀವು ಹೇಳಬ್ಯಾಡ್ರಿ.”

ಯಾವ ಕಾನೂನು ಹಿಡಿದು ಅವ್ವ ಆಯಿಯ ಹೊಸ್ತಿಲು ದಾಟಿದ್ದಳೋ ಅದೇ ಕಾನೂನು ಈಗ ಅವಳ ನಿಜವನ್ನೇ ನಂಬದ ಹಾಗೆ ಮಾಡಿತ್ತು. ಅವಳು ಎಷ್ಟು ಇಲ್ಲವೆಂದರೂ ಸಿದ್ದಮ್ಮನಿಗೆ ಅಷ್ಟೇ ಭಕ್ತಿ ಹೆಚ್ಚಾಯಿತು. ಕೊನೆಗೆ ಕಾಯಿ ಅವ್ವನ ಮಡಿಲಿಗೆ ಬಂತು. ಆವತ್ತು ಕೆಂಪು ಬಾಳೆಹಣ್ಣು ಯಾರಿಗೂ ರುಚಿಸಲಿಲ್ಲ. ಬಸ್ಸಿನಲ್ಲಿ ಅವ್ವ ಆ ಕಾಯಿಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡದೆ ಕುಳಿತಳು. ಆಯಿಗೆ ನಿಜ ಹೇಳಿದರೆ ಐತವಾರಗಳು ಹೋದ ಹಾಗೆ. ಹೇಳದೆ ಗುಡಿಗೆ ಹೋದರೆ ಸುಳ್ಳು ಹರಕೆಯ ಕೈಯಲ್ಲಿ ಒಬ್ಬ ತಾಯಿಯ ನಿಜವಾದ ಕಾಯಿ ಒಡೆದ ಹಾಗೆ. ನನಗೆ ಇಷ್ಟೆಲ್ಲ ಅರ್ಥವಾಗಿದ್ದು ಅವಳು ಅಪ್ಪನಿಗೆ ಮೆಲ್ಲಗೆ ಹೇಳಿದ್ದನ್ನು ಕೇಳಿಸಿಕೊಂಡು.

ಕಾಯಿಯನ್ನು ಅವ್ವ ದೇವರ ಕೋಣೆಯೊಳಗೆ ಇಡಲಿಲ್ಲ. ಹೊರಗಿನ ಗೂಡಿನಲ್ಲಿಟ್ಟಳು. ಆಯಿಯ ಕಣ್ಣು ಅದನ್ನು ಬಿಟ್ಟೀತೇ? ಮರುದಿನ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದವಳು ಕಾಯಿ ಒಳಗೇಕೆ ಇಟ್ಟಿಲ್ಲ ಎಂದು ಕೇಳಿದಳು. ಅವ್ವ ಅವಳ ಮುಂದೆ ಫರಸಿಯ ಮೇಲೆ ಕುಳಿತು, ತಲೆ ತಗ್ಗಿಸದೆ, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ಚಪ್ಪಲಿ, ರೊಟ್ಟಿ, ಹರಕೆ ಇಲ್ಲದ್ದು, ಎಲ್ಲ. ಸೈಕಲ್ಲಿನ ವಿಷಯವೊಂದನ್ನು ಮಾತ್ರ ಬಿಟ್ಟಳು.

“ಮತ್ತ ಯಾಕ ಹೋಗ್ತಿದ್ದಿ?”

“ನಡೀಬೇಕನಸ್ತದ್ರಿ ಅತ್ತಿ. ಅಷ್ಟ.”

ಆಯಿ ಮತ್ತೆ ಬೇಳೆಯ ಮೇಲೆ ಕೈ ಆಡಿಸಿದಳು. ಬೈಯಲಿಲ್ಲ, ಅಳಲಿಲ್ಲ, ಖಾಲಾಳನ್ನು ಕೂಗಲಿಲ್ಲ. ಅದಕ್ಕಿಂತ ಭಯಂಕರವಾದದ್ದು ನಡೆಯಿತು. ಆ ವಾರ ಯಾರು ಹೊಸ್ತಿಲು ದಾಟಿದರೂ ಅವಳು ‘ಎಷ್ಟು ದೂರ?’ ಎಂದು ಕೇಳಲಿಲ್ಲ. ಅಪ್ಪ ಕಚೇರಿಗೆ ಹೋಗುವಾಗ ಬಾಗಿಲಲ್ಲಿ ನಿಂತು ಪ್ರಶ್ನೆಗೆ ಕಾಯುತ್ತಿದ್ದ, ಬಾರದಿದ್ದಾಗ ಅನಾಥನ ಹಾಗೆ ಹೊರಗೆ ಹೋಗುತ್ತಿದ್ದ. ಶನಿವಾರ ಅವನು ಸೈಕಲ್ಲು ಒರೆಸಲಿಲ್ಲ. ಕತ್ತಲಾಗುತ್ತಲೇ ಆಯಿ ಕಂಬದ ಬುಡದಿಂದ ಅವ್ವನನ್ನು ಹೆಸರು ಹಿಡಿದು ಕರೆದಳು.

“ನಿಂದು ಸುಳ್ಳು, ಗಂಗಾ. ಆ ತಾಯಿ ಕಾಯಿ ಸುಳ್ಳಲ್ಲ. ನಾಳಿಗಿ ಮುಂಜಾನೆದ್ದು ಗುಡ್ಯಾಗ ಒಡಸೂಣ. ಅರ್ಧ ಹೋಳು ಆಕಿ ಕೈಗಿ ಮುಟ್ಟಬೇಕು. ನಾನೂ ಬರ್ತೀನಿ. ನಿಮ್ಮ ಮ್ಯಾಲ ನನಗ ಭರೋಸಾ ಇಲ್ಲ.”

ಹೀಗೆ ಐದನೇ ಐತವಾರ ಶರಣರ ಗುಡಿಯಲ್ಲಿ ಕಾಯಿ ಒಡೆಸಿಕೊಂಡು, ಪ್ರಸಾದದ ಹೋಳನ್ನು ಆಯಿ ತನ್ನ ಸೆರಗಿನಲ್ಲೇ ಕಟ್ಟಿಕೊಂಡು, ನಾವು ನಾಲ್ವರೂ ಬಸ್ಸು ಹತ್ತಿದೆವು. ಮಹಾಗಾಂವ ಕ್ರಾಸಿನಿಂದ ಮುಂದೆ ಆಯಿಗೆ ನಡೆಯಲು ಸಾಧ್ಯವಿರಲಿಲ್ಲ. ಅಪ್ಪ ಕ್ಯಾರಿಯರ್ ಮೇಲೆ ಕೌದಿ ಮಡಚಿ ಹಾಕಿ ಅವಳನ್ನು ಕೂಡಿಸಿದ. ಒಂದು ಕೈಯಲ್ಲಿ ಸೀಟು, ಇನ್ನೊಂದರಲ್ಲಿ ಮಗನ ಅಂಗಿ ಹಿಡಿದು ಅವಳು ಮೆರವಣಿಗೆ ಹೊರಟಳು. ಹೊಲದ ಕಡೆ ಅವಳು ಬಂದದ್ದು ಎಳ್ಳಮಾವಾಸ್ಯೆಗೆ ಬೆಳೆಯ ಮೇಲೆ ಚರಗದ ಎಡೆ ಚೆಲ್ಲಲು ಮಾತ್ರ, ಅದೂ ಎಷ್ಟೋ ವರ್ಷಗಳ ಹಿಂದೆ. ಹಾದಿಯುದ್ದಕ್ಕೂ ಅವಳು ಮುಖ ಬಿಗಿದುಕೊಂಡೇ ಇದ್ದಳು. ಸಿಟ್ಟೋ, ಇನ್ನೇನೋ ನಮಗೆ ತಿಳಿಯಲಿಲ್ಲ.

ಸಿದ್ದಮ್ಮ ಪ್ರಸಾದವನ್ನು ಕಣ್ಣಿಗೆ ಒತ್ತಿಕೊಂಡು, ಮಗಳ ಬಾಯಿಗೆ ಒಂದು ಚೂರು ಇಟ್ಟಳು. ಹುಡುಗಿಯ ಹೆಸರು ನಾಗಿ. ಅವಳು ಕೊಬ್ಬರಿ ಅಗಿಯುತ್ತಲೇ ಸೈಕಲ್ಲಿನ ಮೇಲೆ ಕಣ್ಣಿಟ್ಟಿದ್ದಳು. ಅಪ್ಪನಿಗೆ ಅದು ಗೊತ್ತಾಯಿತು.

“ಕುಂದುರ್ತಿಯೇನವ್ವ? ದಿನ್ನಿ ಮ್ಯಾಲ ಹೋಗಿ ಬರೂಣ.”

“ನಿಮ್ಮ ಕೂಡ ಬ್ಯಾಡ್ರಿ.” ನಾಗಿ ಅವ್ವನ ಕಡೆ ಬೆರಳು ಮಾಡಿದಳು. “ಆ ಕಾಕಿ ಕೂಡ ಕುಂದುರ್ತೀನಿ. ಹೋದ ಐತವಾರ ಎಷ್ಟ ಜೋರ್ ಹೊಡಕೊಂಡು ಬಂದ್ರಲ್ಲ ಸೈಕಲ್ಲು!”

ಎಲ್ಲರೂ ಆಯಿಯ ಮುಖ ನೋಡಿದೆವು. ಆಯಿ ಅವ್ವನ ಮೊಣಕಾಲ ಕಡೆ ನೋಡಿದಳು. ಅಲ್ಲಿ ಗಾಯಕ್ಕೆ ಹಚ್ಚಿದ ಅರಿಶಿನ ಸೀರೆಗೆ ಹತ್ತಿತ್ತು. ಅಪ್ಪ ಮಾತಾಡಲು ಹೋದ, ಅವಳು ಕೈ ಎತ್ತಿ ತಡೆದಳು. ಹುಡುಗಿಯನ್ನು ಕ್ಯಾರಿಯರ್ ಮೇಲೆ ಕೂಡಿಸಲು ಕಣ್ಣಲ್ಲೇ ಸನ್ನೆ ಮಾಡಿ, ತಾನು ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದೇ ಹೊರಟಳು. ಅವ್ವ ಸೈಕಲ್ಲು ತಳ್ಳಿದಳು, ಸಿದ್ದಮ್ಮ ಮಗಳ ಬೆನ್ನು ಹಿಡಿದಳು. ಕಪ್ಪು ಮುಗಿದು ಕೆಂಪು ಶುರುವಾಗುವ ಜಾಗದಲ್ಲಿ ಆಯಿ ನಿಂತು, ಚಪ್ಪಲಿ ಬಿಟ್ಟಳು. ಆಮೇಲೆ ನಾವೆಲ್ಲ ನಿಧಾನಕ್ಕೆ ದಿನ್ನೆ ಏರಿದೆವು.

ಮೇಲೆ ತಲುಪಿದಾಗ ಮೊದಲು ಕೂಗಿದವಳು ನಾಗಿ.

“ಎವ್ವಾ, ಆಚೀಕಡಿಗೂ ಹೊಲ ಅವ!”

ಹುಟ್ಟಿದಂದಿನಿಂದ ಆ ದಿನ್ನೆಯ ಬುಡದಲ್ಲಿ ಬೆಳೆದ ಹುಡುಗಿ. ಅವಳ ಊರೂ ಹೊಲವೂ ದಿನ್ನೆಯ ಈಚೆಗೇ ಇದ್ದವು. ಜಗತ್ತು ಅಲ್ಲಿಗೇ ಮುಗಿಯುತ್ತದೆ ಎಂದು ತಿಳಿದಿದ್ದಳೋ ಏನೋ. ಸಿದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಯಿಯ ಕೈ ನನ್ನ ಹೆಗಲ ಮೇಲೆ ಬಿಗಿಯಾಯಿತು. ಅವಳು ಬಹಳ ಹೊತ್ತು ನೋಡಿದಳು, ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ. ಆಮೇಲೆ ಯಾರಿಗೂ ಅಲ್ಲದ ಹಾಗೆ ಕೇಳಿದಳು.

“ಇಷ್ಟು ಜಾಗ ಇತ್ತೇನ?”

ಅವ್ವ ಸೈಕಲ್ಲನ್ನು ತಿರುಗಿಸಿ, ಟಾವೆಲ್ಲಿನಿಂದ ಹುಡುಗಿಯನ್ನು ತನ್ನ ಸೊಂಟಕ್ಕೆ ಬಿಗಿದು ಕಟ್ಟಿಕೊಂಡಳು. ಪೆಡಲಿನ ಮೇಲೆ ಕಾಲಿಟ್ಟು ಅತ್ತೆಯ ಕಡೆ ನೋಡಿದಳು.

“ಸೆರಗು ಗಾಲ್ಯಾಗ ಸಿಗಲಾರದಂಗ ಸಿಗಸ್ಕೋ,” ಎಂದಳು ಆಯಿ.

ಅವರಿಬ್ಬರೂ ಇಳಿಜಾರಿನಲ್ಲಿ ಹೋದದ್ದು ಈಗಲೂ ನನ್ನ ಕಣ್ಣ ಮುಂದಿದೆ. ನಾಗಿ ಎರಡೂ ಕೈ ಮೇಲೆತ್ತಿ, ಹಕ್ಕಿ ಓಡಿಸುವ ತನ್ನ ದನಿಯಲ್ಲಿ ‘ಹೋ ಹೋ’ ಎಂದು ಕೂಗಿದಳು. ಜೋಳದ ಹೊಲದಿಂದ ಹಕ್ಕಿಗಳ ದೊಡ್ಡ ಹಿಂಡೊಂದು ಎದ್ದು ಅವರ ತಲೆಯ ಮೇಲಿಂದ ಹಾರಿಹೋಯಿತು. ನಾಗಿಯ ಕಾಲುಗಳು ಹಾಗೇ ಇದ್ದವು, ಆಮೇಲೂ ಹಾಗೇ ಉಳಿದವು. ಆದರೆ ಕೆಳಗೆ ಹೋಗಿ ನಿಂತ ಮೇಲೆ ಅವಳು ಕೇಳಿದ್ದು ‘ಇನ್ನೊಮ್ಮೆ’ ಎಂದು. ಅವ್ವ ಇನ್ನೊಮ್ಮೆ ತಳ್ಳಿದಳು, ಮತ್ತೂ ಒಮ್ಮೆ ತಳ್ಳಿದಳು. ಆ ದಿನ್ನೆಯ ಮೇಲೆ ಆಯಿಯ ಕೈ ಹಿಡಿದು ನಿಂತ ನನಗೆ ಇದಕ್ಕಿಂತ ದೊಡ್ಡದು ಯಾವ ದೇವರೂ ತೋರಿಸಲಾರ ಎನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ.

ಐದು ಐತವಾರ ಮುಗಿದವು. ಮುಂದಿನ ಐತವಾರ ಮುಂಜಾನೆ ಅವ್ವ ಹಳೇ ಸೀರೆಯಲ್ಲೇ ಒಲೆಯ ಮುಂದೆ ಕುಳಿತಿದ್ದಳು. ಅಪ್ಪ ಸೈಕಲ್ಲಿನ ಹತ್ತಿರ ಹೋಗಲಿಲ್ಲ, ಒಂದೇ ಪೇಪರನ್ನು ತಿರುತಿರುಗಿಸಿ ಓದುತ್ತಿದ್ದ. ಕಂಬದ ಬುಡದಲ್ಲಿ ಆಯಿ ವಿಭೂತಿಯ ಗಟ್ಟಿ ಕೈಯಲ್ಲಿ ಹಿಡಿದು ಕುಳಿತಿದ್ದಳು.

“ಗಂಗಾ, ಹೊತ್ತೇರಾಕತ್ತದ. ಏಳವ್ವ, ತಯಾರಾಗು.”

“ಹರಕಿ ಮುಗೀತಲ್ರಿ ಅತ್ತಿ.”

“ನಿಂದು ಮುಗೀತು. ಹೋದ ಐತವಾರ ಆ ದಿನ್ನಿ ಮ್ಯಾಲ ನಿಂತು ನಾನೊಂದು ಹೊತ್ತೀನಿ. ನಮ್ಮ ಮನಿ ಹೆಣ್ಮಕ್ಕಳು ಐತವಾರಕ್ಕೊಮ್ಮಿ ನಡೀತಾರಂತ.”

ಅವ್ವ ಕೈಯಲ್ಲಿನ ಊದುಗೊಳವೆ ಕೆಳಗಿಟ್ಟು ಎದ್ದು ನಿಂತಳು.

“ಎಷ್ಟು ಐತವಾರರಿ?”

ಆಯಿ ಅವಳ ಹಣೆಯ ಮೇಲೆ ವಿಭೂತಿ ಎಳೆದಳು.

“ಹರಕಿ ಬಾಯಿ ಬಿಟ್ಟು ಹೇಳಬಾರದು.”

ಈಗ ಕಮಲಾಪುರದ ರಸ್ತೆಯಲ್ಲಿ ಐತವಾರ ಮುಂಜಾನೆ ತಲೆಗೆ ಹೆಲ್ಮೆಟ್ಟು ಹಾಕಿದ ಹುಡುಗ ಹುಡುಗಿಯರು ಬಣ್ಣಬಣ್ಣದ ಸೈಕಲ್ಲುಗಳಲ್ಲಿ ಗುಂಪುಗುಂಪಾಗಿ ಹೋಗುತ್ತಾರೆ. ಬಂಡಿದಾರಿಯ ಬಾಯಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತ ಈ ಮುದುಕಿಯನ್ನು ಕಂಡು ಕೆಲವರು ನಿಲ್ಲುತ್ತಾರೆ, ಎಷ್ಟು ದೂರ ಹೊಂಟ್ರಿ ಆಂಟಿ, ಏನಾದರೂ ಹರಕೆಯೇ ಎಂದು ಕೇಳುತ್ತಾರೆ. ನಾನು ಹೌದೆನ್ನುತ್ತೇನೆ. ಎಷ್ಟು ವಾರದ್ದು ಎಂಬುದು ನನಗೂ ಗೊತ್ತಿಲ್ಲ. ಆಯಿ ಹೇಳದೆಯೇ ಹೋದಳು, ಅವ್ವ ಕೇಳದೆಯೇ ಕೊನೆಯವರೆಗೆ ನಡೆದಳು. ಮುಗಿಯಿತು ಎಂದು ಹೇಳಬೇಕಾದವಳು ಇಲ್ಲ. ಆದ್ದರಿಂದ ನಾನು ಇನ್ನೂ ನಡೆಯುತ್ತಿದ್ದೇನೆ.